ಎಲ್ವಿಯೊ ಹೇಳಿದ ಪಂದ್ಯ

ಪೆಟಾಲಿಂಗ್ ಜಯಾ

ಮನೆ ನಾಲ್ಕನೆಯ ಮಹಡಿಯಲ್ಲಿದೆ ಎಂದು ಮಲಯರ ಈ ನಾಡಿನಲ್ಲಿ ನೆಲೆಸಿರುವ ನನ್ನ ತಮ್ಮ ಗುರುರಾಜ ಹೇಳಿದ್ದ. ಲಿಫ್ಟಿನೊಳಗೆ ನಿಂತು ನೋಡಿದರೆ ನಾಲ್ಕು ಎಂಬ ಗುಂಡಿಯೇ ಇಲ್ಲ. ಮೂರು ಇದೆ, ಐದು ಇದೆ, ಎರಡರ ನಡುವೆ ಮೂರಕ್ಕೆ ಇಂಗ್ಲಿಷಿನ ಎ ಅಕ್ಷರ ಅಂಟಿಸಿದ ಇನ್ನೊಂದು ಗುಂಡಿ ಇದೆ. ಬಂದ ಮರುದಿನ ಬೆಳಿಗ್ಗೆ ಕೆಳಗಿನ ಅಂಗಡಿಯಿಂದ ಮೊಸರು ತರಲು ಹೋಗಿದ್ದವಳು ವಾಪಸು ಬರುವಾಗ ಮೊದಲು ಮೂರಕ್ಕೆ, ಆಮೇಲೆ ಐದಕ್ಕೆ ಹೋಗಿ, ಎರಡು ಕಡೆಯೂ ಯಾರದೋ ಬಾಗಿಲು ಬಡಿದು, ಕ್ಷಮೆ ಕೇಳಿ, ಮತ್ತೆ ಲಿಫ್ಟಿನ ಮುಂದೆ ಬಂದು ನಿಂತಿದ್ದೆ.

ಬಾಗಿಲು ತೆರೆಯಿತು. ಒಳಗೆ ಎತ್ತರದ, ತಲೆ ಬೋಳಾದ ಬಿಳಿಯರೊಬ್ಬರು ಫುಟ್‌ಬಾಲುಗಳನ್ನು ತುಂಬಿದ ದೊಡ್ಡ ಬಲೆಚೀಲ ಹೊತ್ತುಕೊಂಡಿದ್ದರು. ಅವರು ನನಗೆ ಜಾಗ ಕೊಡಲು ಪಕ್ಕಕ್ಕೆ ಸರಿದದ್ದೇ ತಪ್ಪಾಯಿತು. ಚೀಲದ ಬಾಯಿ ಬಿಚ್ಚಿಕೊಂಡು ಚೆಂಡುಗಳೆಲ್ಲ ಲಿಫ್ಟಿನ ಮುಂದಿನ ಕಾರಿಡಾರಿಗೆ ಉರುಳಿದವು. ಒಂದು ನನ್ನ ಕಡೆಗೇ ಬಂತು. ಉಡುಪಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸಿಯೇ ಕೂದಲು ಹಣ್ಣು ಮಾಡಿಕೊಂಡವಳು ನಾನು. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿ, ಮುರಕಲ್ಲಿನ ಒರಟು ಮೈದಾನದಲ್ಲಿ ಅವರ ಜೊತೆ ಮೊಣಕಾಲು ಕೆತ್ತಿಸಿಕೊಂಡವಳು. ಕೈಯಲ್ಲಿ ಮೊಸರಿದ್ದರೂ ಕಾಲು ತಾನಾಗಿ ಮುಂದೆ ಹೋಯಿತು. ಚೆಂಡನ್ನು ಚಪ್ಪಲಿಯ ಕೆಳಗೆ ನಿಲ್ಲಿಸಿ, ಪಾದದ ಒಳಬದಿಯಿಂದ ಅವರತ್ತ ತಳ್ಳಿದೆ.

ಆ ಮನುಷ್ಯ ಉಳಿದ ಚೆಂಡುಗಳನ್ನು ಮರೆತು ನನ್ನ ಕಾಲನ್ನೇ ನೋಡಿದರು. ಎಲ್ಲಿ ಆಡುತ್ತಿದ್ದಿರಿ ಎಂದು ಕೇಳಿದರು. ಆಡಿದ್ದಕ್ಕಿಂತ ಕಲಿಸಿದ್ದು ಹೆಚ್ಚು ಎಂದೆ. ಅಂದಿನಿಂದ ನಾನು ಅವರಿಗೆ ‘ಟೀಚರ್’ ಆದೆ.

ನಾಲ್ಕರ ರಹಸ್ಯವನ್ನು ಬಿಡಿಸಿದವರೂ ಅವರೇ. ಚೀನಿಯರ ಭಾಷೆಯಲ್ಲಿ ನಾಲ್ಕು ಎಂಬ ಶಬ್ದ ಸಾವು ಎಂದ ಹಾಗೆ ಕೇಳಿಸುತ್ತದಂತೆ, ಹಾಗಾಗಿ ಇಲ್ಲಿನ ಕಟ್ಟಡಗಳಲ್ಲಿ ಅದನ್ನು ಬರೆಯುವುದಿಲ್ಲವಂತೆ. ತಮ್ಮ ದೇಶ ಇಟಲಿಯಲ್ಲಿ ಹದಿನೇಳೆಂದರೆ ಹೆದರುತ್ತಾರೆ ಎಂದೂ ಹೇಳಿದರು. ಅವರು ಆಡುತ್ತಿದ್ದ ಕಾಲದಲ್ಲಿ ಬೆನ್ನ ಮೇಲೆ ಹೆಚ್ಚಾಗಿ ಹದಿನೇಳೇ ಇರುತ್ತಿತ್ತು. ಪ್ರತಿ ತಂಡಕ್ಕೂ ಕೊನೆಯವರಾಗಿ ಸೇರುತ್ತಿದ್ದುದರಿಂದ, ಯಾರಿಗೂ ಬೇಡವಾಗಿ ಉಳಿದ ಅಂಗಿ ಅವರ ಪಾಲಿಗೆ ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ ಗುರುರಾಜ ನಕ್ಕ. ಅವನು ಮಣಿಪಾಲದಲ್ಲಿ ಓದಿ ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ, ವಾರಾಂತ್ಯದಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿನ ಡಾಕ್ಟರು.

“ಅವರು ನಮ್ಮ ಕ್ಲಬ್ಬಿನ ಅಸಿಸ್ಟೆಂಟ್ ಕೋಚ್ ಅಕ್ಕ, ಎಲ್ವಿಯೊ ಅಂತ. ಫುಟ್‌ಬಾಲ್ ಗೊತ್ತಿರುವವರು ಒಬ್ಬರು ಸಿಕ್ಕಿದ್ರೆ ಅವರಿಗೆ ಊಟ ಸಹ ಬೇಡ. ಇನ್ನು ನಿನ್ನನ್ನು ಬಿಡುದಿಲ್ಲ ನೋಡು,” ಎಂದ.

ಮಮಕ್ ಅಂಗಡಿ

ಬಿಡಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ರಸ್ತೆಯಾಚೆಯ ಮಮಕ್ ಅಂಗಡಿಗೆ ಕರೆದುಕೊಂಡು ಹೋದರು. ತಮಿಳು ಮೂಲದ ಮುಸ್ಲಿಮರು ನಡೆಸುವ ಈ ಹೋಟೆಲುಗಳಿಗೆ ಗೋಡೆಗಳಿರುವುದು ಕಡಿಮೆ. ಫುಟ್‌ಪಾತಿನವರೆಗೂ ಮೇಜುಗಳು ಹರಡಿರುತ್ತವೆ. ಮಲಯರು, ಚೀನಿಯರು, ತಮಿಳರು ಎಲ್ಲರೂ ಅಕ್ಕಪಕ್ಕ ಕೂತು ರೊಟ್ಟಿ ಮುರಿಯುತ್ತಾರೆ. ನಮ್ಮ ಪರೋಟದ ಒಡಹುಟ್ಟಿನಂತಿರುವ ರೋಟಿ ಚನಾಯ್‌ಗೆ ಇಲ್ಲಿ ಬೇಳೆಸಾರು ಕೊಡುತ್ತಾರೆ. ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ತೋಳುದ್ದ ಎಳೆಯುವುದನ್ನು ನೋಡಿ ನಮ್ಮೂರ ಹೋಟೆಲಿನ ಕಾಫಿ ನೆನಪಾಯಿತು. ಎದುರಾದವರನ್ನು ಇಲ್ಲಿ ‘ಮಕಾನ್’, ಅಂದರೆ ಊಟ, ಆಯ್ತಾ ಎಂದು ಮಾತಾಡಿಸುತ್ತಾರೆ. ಊಟ ಆಯ್ತಾ ಎಂದು ಕೇಳದೆ ಮಾತು ಶುರುಮಾಡಲು ನಮಗೂ ಬರುವುದಿಲ್ಲವಲ್ಲ, ಅದಕ್ಕೇ ನನಗೆ ಈ ಊರು ಬೇಗ ಒಗ್ಗಿತು.

ಎಲ್ವಿಯೊ ತಮ್ಮ ಕಥೆ ಹೇಳಿದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ, ಕೈಗಳು ಹೆಚ್ಚು. ಹುಟ್ಟಿದ್ದು ಉತ್ತರ ಇಟಲಿಯ ಗದ್ದೆಗಳ ನಡುವೆ. ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರ ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರಂತೆ. ನಮ್ಮ ಕಡೆಯ ಹೆಂಗಸರೂ ಹೀಗೆಯೇ ಎಂದು ನಾನು ಬಗ್ಗಿ ತೋರಿಸಿದೆ. ಹೌದು, ಬೆನ್ನು ಹಾಗೆಯೇ ಎಂದರು.

ಮೀಸೆ ಮೂಡುವ ಮೊದಲೇ ಮನೆ ಬಿಟ್ಟು ಒಂದು ಕ್ಲಬ್ಬಿನ ಹಾಸ್ಟೆಲು ಸೇರಿದವರು, ಆಮೇಲೆ ಯಾವ ಊರಿನಲ್ಲೂ ನೆಲೆ ನಿಲ್ಲಲಿಲ್ಲ. ಎರಡನೆಯ ದರ್ಜೆ, ಮೂರನೆಯ ದರ್ಜೆ, ಮತ್ತೆ ಎರಡನೆಯದು. ಹೆಚ್ಚಿನ ವರ್ಷ ಒಂದು ಕ್ಲಬ್ಬು ಇನ್ನೊಂದಕ್ಕೆ ಎರವಲು ಕೊಟ್ಟ ಆಟಗಾರ. ತಾಲೀಮಿಗೆ ಮೊದಲು ಮೈದಾನದ ಹಿಮವನ್ನು ತಾವೇ ಗುದ್ದಲಿಯಿಂದ ಎತ್ತಬೇಕಾಗಿದ್ದ ಒಂದು ಬೆಟ್ಟದೂರು. ಗಾಳಿಗೆ ಚೆಂಡು ಸಮುದ್ರಕ್ಕೆ ಹಾರಿಹೋಗುತ್ತಿದ್ದ ಒಂದು ದ್ವೀಪ. ಊರುಗಳ ಹೆಸರಿಗಿಂತ ಅಲ್ಲಲ್ಲಿ ತಿಂದ ಬ್ರೆಡ್ಡು ಅವರಿಗೆ ಚೆನ್ನಾಗಿ ನೆನಪಿತ್ತು. ಅವರದು ಮೈದಾನದ ನಡುವಿನ ಜಾಗ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವುದು, ಕಳೆದುಕೊಂಡರೆ ಓಡಿ ಕಿತ್ತುಕೊಳ್ಳುವುದು. ಕ್ಯಾಪ್ಟನ್ ಆಗಲಿಲ್ಲ. ಗೋಲು ಹೊಡೆದದ್ದೂ ಅಪರೂಪ. ಕಾಲು ಸೋತು ಆಟ ನಿಂತ ಮೇಲೆ ಅಸಿಸ್ಟೆಂಟ್ ಕೋಚ್ ಆಗಿ ದೇಶ ದೇಶ ತಿರುಗಿದರು. ಮುಖ್ಯ ಕೋಚುಗಳು ಬರುತ್ತಿದ್ದರು, ಹೋಗುತ್ತಿದ್ದರು. ಮೈದಾನದಲ್ಲಿ ತಾಲೀಮಿನ ಗುರುತಿನ ಕೋನುಗಳನ್ನು ಜೋಡಿಸಲು ಬೆಳಿಗ್ಗೆ ಮೊದಲು ಬರುವವರು ಮಾತ್ರ ಇವರೇ.

ಇಟಲಿಯ ಮೊದಲ ದರ್ಜೆಯಲ್ಲಿ ಎಂದಾದರೂ ಆಡಿದ್ದೀರಾ ಎಂದು ಕೇಳಿದೆ.

“ಒಂದು ದಿನ,” ಎಂದರು ಎಲ್ವಿಯೊ. ಆಮೇಲೆ ಮಾಣಿಯ ಕಡೆ ತಿರುಗಿ ಇನ್ನೊಂದು ಚಹಾ ಹೇಳಿದರು.

ತಾಲೀಮಿನ ಮೈದಾನ

ನಾನು ಬಂದ ವಾರವೇ ಆ ಕ್ಲಬ್ಬಿನ ಮುಖ್ಯ ಕೋಚ್ ಕೆಲಸ ಬಿಟ್ಟು ಹೋಗಿದ್ದ. ಕಪ್ ಟೂರ್ನಿಯ ಸೆಮಿಫೈನಲ್ ಎದುರಿಗಿತ್ತು. ಆ ಪಂದ್ಯಕ್ಕೆ ತಂಡವನ್ನು ಎಲ್ವಿಯೊ ನೋಡಿಕೊಳ್ಳಲಿ, ಗೆದ್ದರೆ ಮುಖ್ಯ ಕೋಚಿನ ಜಾಗ ಅವರಿಗೇ ಎಂದು ಆಡಳಿತದವರು ಮಾತು ಕೊಟ್ಟಿದ್ದರು. ಜೀವಮಾನದಲ್ಲಿ ಮೊದಲ ಸಲ ಇಂಥ ಅವಕಾಶ ಬಂದಿತ್ತು ಅವರಿಗೆ. ಇದನ್ನು ನನಗೆ ಹೇಳಿದ್ದು ಗುರುರಾಜ. ಎಲ್ವಿಯೊ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ತಾಲೀಮು ನೋಡಲು ಬನ್ನಿ ಎಂದು ಕರೆದರು, ಹೋದೆ. ಮೈದಾನ ನೋಡಿಯೇ ನನಗೆ ಹೊಟ್ಟೆಕಿಚ್ಚಾಯಿತು. ಚಪ್ಪಲಿ ಬಿಟ್ಟು ನಡೆಯಬೇಕೆನಿಸುವ ಹುಲ್ಲು. ನಮ್ಮ ಹುಡುಗಿಯರು ಇಲ್ಲಿ ಆಡಿದ್ದರೆ ಎಂದುಕೊಂಡೆ.

ಎಲ್ವಿಯೊ ನನ್ನನ್ನು ಕ್ಯಾಪ್ಟನ್ ಅಜ್ಮಿಗೆ ಪರಿಚಯಿಸಿದರು. ಅವನು ತಂಡಕ್ಕೆ ಗೋಲು ಹೊಡೆಯುವವನು, ಉತ್ತರದ ಕೆಲಾಂತಾನ್ ಕಡೆಯವನು. ಮಲಯರು ಕೈ ಕುಲುಕುವುದಿಲ್ಲ, ಹಗುರವಾಗಿ ಮುಟ್ಟಿ ಆ ಕೈಯನ್ನು ಎದೆಗೆ ಒಯ್ಯುತ್ತಾರೆ. ಅಜ್ಮಿಯಂತೂ ನನ್ನ ವಯಸ್ಸು ನೋಡಿ ಬಗ್ಗಿಯೇ ಬಿಟ್ಟ. ಮೂವತ್ತು ದಾಟಿದ ಮೇಲೆ ಈ ವರ್ಷವಷ್ಟೇ ಅವನ ಹೆಸರು ದೇಶದ ತಂಡದ ಮಾತಿನಲ್ಲಿ ಕೇಳಿಬರುತ್ತಿತ್ತು. ಸೆಮಿಫೈನಲ್ ನೋಡಲು ಆಯ್ಕೆಗಾರರು ಬರುತ್ತಾರೆ, ತಾಯಿಯೂ ಊರಿಂದ ಬಸ್ಸಿನಲ್ಲಿ ಬರುತ್ತಾಳೆ ಎಂದು ಹೇಳಿದ. ಎರಡನೆಯದನ್ನು ಹೇಳುವಾಗಲೇ ಅವನ ಮುಖ ಹೆಚ್ಚು ಅರಳಿತು.

ಆಟ ರಂಗೇರಿದ್ದಾಗ ಎಲ್ವಿಯೊ ಸೀಟಿ ಊದಿದರು. ಎಲ್ಲರೂ ಇದ್ದಲ್ಲೇ ನಿಂತರು. ಒಬ್ಬನಿಗೆ, ಕಣ್ಣು ಮುಚ್ಚಿಕೊಂಡು ಯಾರ್ಯಾರು ಎಲ್ಲಿದ್ದಾರೆ ಹೇಳು ಎಂದರು. ಅವನು ಇಬ್ಬರು ಮೂವರ ಜಾಗ ಹೇಳಿ ತಡವರಿಸಿದ. ಆಗ ಎಲ್ವಿಯೊ ತಾವೇ ಮೈದಾನಕ್ಕೆ ಬೆನ್ನು ಹಾಕಿದರು. ನನ್ನತ್ತ ಮುಖ ಮಾಡಿ, ಕಣ್ಣು ಮುಚ್ಚಿ, ಒಬ್ಬೊಬ್ಬರ ಹೆಸರು ಹೇಳುತ್ತ ಹೋದರು. ಇಂಥವನು ಗೆರೆಯ ಹತ್ತಿರ, ಇಂಥವನು ಅವನಿಂದ ಎರಡು ಹೆಜ್ಜೆ ಹಿಂದೆ, ಇಂಥವನ ಭಾರ ಎಡಗಾಲಿನ ಮೇಲೆ. ನಾನು ಅವರ ಹೆಗಲಾಚೆಗೆ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಎಡಗಾಲಿನವನು ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡ. ಇಷ್ಟು ವರ್ಷ ಮೈದಾನದಲ್ಲಿ ಕಳೆದಿದ್ದೇನೆ, ಆಟವನ್ನು ಒಬ್ಬ ಮನುಷ್ಯ ಹೀಗೆ ಮೈಯೊಳಗೆ ಇಟ್ಟುಕೊಂಡಿರಬಹುದು ಎಂದು ನಾನು ಕಂಡಿರಲಿಲ್ಲ. ಇಂಥವರು ಬದುಕಿಡೀ ಇನ್ನೊಬ್ಬರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರಲ್ಲ ಎಂದು ಬೆರಗಾಯಿತು.

ಸ್ಟೇಡಿಯಂ

ಪಂದ್ಯದ ಸಂಜೆ ಗುರುರಾಜನ ಮಗಳು ಮಿಹಿಕಾ ನನ್ನನ್ನು ಕರೆದೊಯ್ದಳು. ಬಾಂಗ್ಸಾರಿನ ಆಫೀಸಿನಿಂದ ನೇರ ಬಂದಿದ್ದಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಮಾತು ಸಾಗುತ್ತದೆ. ಅವಳ ಬಾಯಿಗೆ ಬರುವ ಕನ್ನಡ ಪದ ‘ಅತ್ತೆ’ ಒಂದೇ ಇರಬೇಕು, ಅದಕ್ಕೂ ಇಲ್ಲಿನವರ ಹಾಗೆ ಕೊನೆಯಲ್ಲೊಂದು ‘ಲಾ’ ಸೇರಿಸುತ್ತಾಳೆ. ನಮ್ಮ ಮುಂದಿನ ಸಾಲಿನಲ್ಲೇ ಅಜ್ಮಿಯ ತಾಯಿ ಕೂತಿದ್ದರು. ಗುಲಾಬಿ ಬಣ್ಣದ ತಲೆವಸ್ತ್ರ, ಮಡಿಲಲ್ಲಿ ಊರಿಂದ ತಂದ ಹಣ್ಣಿನ ಚೀಲ. ಮಿಹಿಕಾ ಅವರನ್ನು ‘ಮಾಕ್ ಚಿಕ್’ ಎಂದು ಮಾತಾಡಿಸಿದಳು. ಚಿಕ್ಕಮ್ಮ ಎಂದ ಹಾಗೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಚಪ್ಪಲಿಯೊಂದು ಮೆಟ್ಟಿಲ ಸಂದಿನಿಂದ ಕೆಳಸಾಲಿಗೆ ಜಾರಿತು. ಬಗ್ಗಿ ಅದನ್ನು ಹುಡುಕುತ್ತಿದ್ದಾಗ ಸ್ಟೇಡಿಯಂ ಇಡೀ ಎದ್ದು ಕೂಗಿತು. ತಲೆ ಎತ್ತಿದರೆ ಅಜ್ಮಿ ತಾಯಿ ಕೂತ ಕಡೆಗೆ ಕೈ ಚಾಚಿ ಓಡಿಬರುತ್ತಿದ್ದ. ಗೋಲು ಹೊಡೆದಿದ್ದ. ಇಷ್ಟು ದೂರ ಬಂದು ಗೋಲಿನ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿದ್ದೆ.

ದ್ವಿತೀಯಾರ್ಧದಲ್ಲಿ ಆಕಾಶ ಕಪ್ಪಾಗಿ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ಆಟಗಾರರೆಲ್ಲ ಒಳಗೆ ಹೋದರು. ಮಳೆ ನಮ್ಮ ಕರಾವಳಿಯದರಂತೆಯೇ, ಸುರಿಯಲು ಶುರುಮಾಡಿದರೆ ಮಾತು ಕೇಳಿಸುವುದಿಲ್ಲ. ಜನ ಮಾತ್ರ ಒಬ್ಬರೂ ಮನೆಗೆ ಹೋಗಲಿಲ್ಲ. ಪಕ್ಕದವರು ತಪಾವ್ ಮಾಡಿಸಿ, ಅಂದರೆ ಹೋಟೆಲಿನಲ್ಲಿ ಕಟ್ಟಿಸಿಕೊಂಡು, ತಂದಿದ್ದ ಅನ್ನದ ಪೊಟ್ಟಣ ಬಿಚ್ಚಿ ನಮಗೂ ಕೊಟ್ಟರು. ಆಟ ಮತ್ತೆ ಶುರುವಾದಾಗ ನೆಲ ಭಾರವಾಗಿತ್ತು. ಒಬ್ಬೊಬ್ಬರ ಸ್ನಾಯು ಹಿಡಿದುಕೊಂಡಿತು. ಎಲ್ವಿಯೊ ಬದಲಿ ಆಟಗಾರರನ್ನೆಲ್ಲ ಇಳಿಸಿಬಿಡಬೇಕಾಯಿತು.

ಅದಾದ ಮೇಲೆ ಒಂದು ಎತ್ತರದ ಚೆಂಡಿಗೆ ಅಜ್ಮಿಯೂ ಎದುರಾಳಿ ಡಿಫೆಂಡರನೂ ಒಟ್ಟಿಗೆ ಹಾರಿದರು. ತಲೆಗೆ ತಲೆ ಬಡಿದ ಸದ್ದು ನಮ್ಮವರೆಗೂ ಬಂತು. ಡಿಫೆಂಡರ್ ಎದ್ದ. ಅಜ್ಮಿ ಸ್ವಲ್ಪ ತಡವಾಗಿ ಎದ್ದ. ಗುರುರಾಜ ಓಡಿಹೋಗಿ ಏನೋ ಕೇಳಿದ, ಎಲ್ವಿಯೊ ಕಡೆ ತಿರುಗಿ ಕೈ ಅಡ್ಡ ಆಡಿಸಿದ. ಇವತ್ತು ಯಾರ ವಿರುದ್ಧ ಆಡುತ್ತಿದ್ದೀ ಎಂದು ಕೇಳಿದ್ದಕ್ಕೆ ಅಜ್ಮಿ ಕಳೆದ ವಾರದ ತಂಡದ ಹೆಸರು ಹೇಳಿದನಂತೆ.

ಅವನನ್ನು ಹೊರತೆಗೆದರೆ ಬದಲಿ ಇಲ್ಲ, ಹತ್ತೇ ಜನ ಆಡಬೇಕು. ಬೆಂಚಿನ ಹಿಂದೆ ಕೂತಿದ್ದ ಆಡಳಿತದವರೊಬ್ಬರು ಎದ್ದು ಬಂದು, ಅವನು ಓಡದಿದ್ದರೂ ಪರವಾಗಿಲ್ಲ, ಮುಂದೆ ಸುಮ್ಮನೆ ನಿಂತಿರಲಿ, ಎದುರಾಳಿಗಳಿಗೆ ಹೆದರಿಕೆ ಇರುತ್ತದೆ ಎಂದರಂತೆ. ಎಲ್ವಿಯೊ ಅವರತ್ತ ತಿರುಗಲೂ ಇಲ್ಲ. ನೇರ ಗೆರೆಯ ಬಳಿಗೆ ಹೋಗಿ ಅಜ್ಮಿಯನ್ನು ಕೈಬೀಸಿ ಕರೆದರು. ಅವನು ಬರಲೊಲ್ಲ. ರೆಫರಿ ಹೇಳಿದ ಮೇಲೆ ಬಂದ. ಬಂದವನು ಕ್ಯಾಪ್ಟನ್ನಿನ ತೋಳುಪಟ್ಟಿಯನ್ನು ಕಿತ್ತು ಎಲ್ವಿಯೊ ಎದೆಗೆ ಎಸೆದ. ಎರಡೂ ಕೈಯಿಂದ ಅವರನ್ನು ತಳ್ಳಿದ. ಎಲ್ವಿಯೊ ಒದ್ದೆ ಹುಲ್ಲಿನಲ್ಲಿ ಜಾರಿ ಕೂತರು. ಜನ ಕೂಗುತ್ತಿದ್ದರು. ಅಜ್ಮಿಗಲ್ಲ, ಎಲ್ವಿಯೊಗೆ. ಮುಂದಿನ ಸಾಲಿನಲ್ಲಿ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಎಲ್ವಿಯೊ ಎದ್ದರು. ಅಜ್ಮಿಯ ಹೆಗಲ ಮೇಲೆ ಕೈ ಹಾಕಿ, ಗುರುರಾಜನ ವಶಕ್ಕೆ ಒಪ್ಪಿಸಿದರು. ಆಮೇಲೆ ಮೈದಾನದ ಕಡೆ ತಿರುಗಿದರು.

ಮುಂದಿನದನ್ನು ನಾನು ಮರೆಯಲಾರೆ. ಹತ್ತು ಜನರನ್ನು ಆ ಮನುಷ್ಯ ಬರೀ ಕೈಗಳಿಂದ ಆಡಿಸಿದರು. ಅಂಗೈ ಕೆಳಗೆ ಮಾಡಿದರೆ ನಡುವಿನವರು ಹಿಂದೆ ಸರಿಯುವರು, ಬೆರಳು ಮಡಚಿದರೆ ಹತ್ತಿರ ಕೂಡುವರು. ಎದುರಾಳಿ ಪಾಸ್ ಕೊಡುವ ಮೊದಲೇ ಅದು ಬೀಳುವ ಜಾಗಕ್ಕೆ ಇವರ ಹುಡುಗ ಹೊರಟಿರುತ್ತಿದ್ದ. ಕೂಗುತ್ತಿದ್ದ ಜನ ಮೆಲ್ಲಗೆ ಸುಮ್ಮನಾದರು, ಆಮೇಲೆ ಪ್ರತಿ ಬಾರಿ ಚೆಂಡು ಕಿತ್ತುಕೊಂಡಾಗಲೂ ಚಪ್ಪಾಳೆ ತಟ್ಟತೊಡಗಿದರು. ಮಿಹಿಕಾ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಬಹಳ ಹೊತ್ತು ತಡೆದರು. ಕೊನೆಗೆ ಕಾಲುಗಳೇ ಸೋತವು. ಒಂದು ಗೋಲು ಬಿತ್ತು. ಮುಗಿಯಲು ಇನ್ನೇನು ಉಸಿರಷ್ಟು ಹೊತ್ತಿದೆ ಎನ್ನುವಾಗ ಇನ್ನೊಂದು. ಪಂದ್ಯ ಕೈತಪ್ಪಿತು.

ಆಸ್ಪತ್ರೆಯ ದಾರಿ

ಪಂದ್ಯ ಮುಗಿಯುವ ಮೊದಲೇ ಗುರುರಾಜ ಅಜ್ಮಿಯನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದಿದ್ದ. ಸ್ಕ್ಯಾನಿನಲ್ಲಿ ತಲೆಬುರುಡೆಯ ಒಳಗೆ ಸಣ್ಣದಾಗಿ ರಕ್ತ ಒಸರಿದ್ದು ಕಂಡಿತಂತೆ. ಆಪರೇಷನ್ ಬೇಕಾಗಲಿಲ್ಲ, ಕಣ್ಣಿಟ್ಟು ನೋಡಿಕೊಂಡರೆ ಸಾಕು, ಗುಣವಾಗುತ್ತಾನೆ ಎಂದು ಬೆಳಿಗ್ಗೆ ಸುದ್ದಿ ಬಂತು.

“ಇನ್ನೊಂದು ಪೆಟ್ಟು ಬಿದ್ದಿದ್ರೆ ಮಾತ್ರ ನಾನು ಏನೂ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ ಅಕ್ಕ,” ಎಂದ ಗುರುರಾಜ ಫೋನಿನಲ್ಲಿ. ಅವನ ದನಿ ಸಣ್ಣಗಾಗಿತ್ತು.

ಎಲ್ವಿಯೊ ತಮ್ಮ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೊರಟರು. ರಸ್ತೆಯ ಎರಡೂ ಬದಿಯ ಮರಗಳು ತೊಳೆದಿಟ್ಟಂತಿದ್ದವು. ಗೆಲುವು, ಮುಖ್ಯ ಕೋಚಿನ ಜಾಗ ಎಲ್ಲ ಕೈಯಲ್ಲಿದ್ದಾಗ ಅಜ್ಮಿಯನ್ನು ಹೊರತೆಗೆಯಲು ಒಂದು ಕ್ಷಣವೂ ಯೋಚಿಸಲಿಲ್ಲವಲ್ಲ ಎಂದು ನಾನು ಕೇಳಿದೆ. ಆಗ ಅವರು ಆ ಒಂದು ದಿನದ ಕಥೆ ಹೇಳಿದರು.

ಅವರ ಕ್ಲಬ್ಬು ಒಂದು ವರ್ಷ ಮೊದಲ ದರ್ಜೆಗೆ ಏರಿತ್ತು. ಯಾರೋ ಜ್ವರ ಬಂದು ಮಲಗಿದ್ದರಿಂದ ಇವರಿಗೆ ಆಡುವ ಅವಕಾಶ ಸಿಕ್ಕಿತು. ಎದುರಿಗೆ ಆ ಕಾಲದ ದೊಡ್ಡ ತಂಡ, ಸ್ಟೇಡಿಯಂ ತುಂಬಿ ತುಳುಕುತ್ತಿತ್ತು. ಸೈಕಲ್ ರಿಪೇರಿ ಮಾಡುತ್ತಿದ್ದ ತಂದೆ ಮೊದಲ ಸಲ ಮಗನ ಆಟ ನೋಡಲು ಬಂದಿದ್ದರು. ಆಟದ ಆರಂಭದಲ್ಲೇ ಯಾರದೋ ಮೊಣಕೈ ಕಿವಿಯ ಮೇಲೆ ಬಡಿಯಿತಂತೆ. ತಲೆಗೆ ನೀರು ಸುರಿದು ಎಬ್ಬಿಸಿದರು, ಕೊನೆಯವರೆಗೂ ಆಡಿದರು. ಇದೆಲ್ಲ ಬೇರೆಯವರು ಹೇಳಿ ಗೊತ್ತಾದದ್ದು. ಅವರಿಗೆ ನೆನಪಿರುವುದು ಬೂಟಿನ ಲೇಸು ಬಿಗಿದದ್ದು, ಆಮೇಲೆ ಮರುದಿನ ತಾಯಿಯ ಅಡುಗೆಮನೆ. ನಡುವೆ ಏನೂ ಇಲ್ಲ. ಟೀವಿಯವರು ಗೋಲುಗಳನ್ನಷ್ಟೇ ತೋರಿಸಿದ್ದರು, ಅದರಲ್ಲಿ ಒಮ್ಮೆ ಇವರ ಬೆನ್ನು ಕಂಡಿತು. ಮುಂದಿನ ವಾರ ಜ್ವರದವನು ವಾಪಸು ಬಂದ. ಮತ್ತೆ ಆ ಅವಕಾಶ ಬರಲಿಲ್ಲ.

ತಂದೆ ಏನು ಹೇಳಿದರು ಎಂದು ಕೇಳಿದೆ.

“ಅಪ್ಪನಿಗೆ ಫುಟ್‌ಬಾಲ್ ತಿಳಿಯುತ್ತಿರಲಿಲ್ಲ, ಟೀಚರ್. ಎಷ್ಟು ಸಲ ಕೇಳಿದರೂ, ಚೆನ್ನಾಗಿ ಓಡಿದೆ ಮಗನೇ ಎನ್ನುತ್ತಿದ್ದ. ಅಷ್ಟೇ.”

ವಾರ್ಡು

ಅಜ್ಮಿ ದಿಂಬಿಗೆ ಒರಗಿದ್ದ. ಪಕ್ಕದಲ್ಲಿ ತಾಯಿ. ಗುರುರಾಜ ಕಿಟಕಿಯ ಬಳಿ ನಿಂತಿದ್ದ. ಅಜ್ಮಿಗೆ ನಮ್ಮನ್ನು ಕಂಡು ಖುಷಿಯಾಯಿತು, ಆದರೆ ಹಿಂದಿನ ದಿನದ ಆಟದ್ದೇನೂ ತಲೆಯಲ್ಲಿರಲಿಲ್ಲ. ಸ್ಟೇಡಿಯಂ ಮುಂದೆ ತಂಡದ ಬಸ್ಸಿನಿಂದ ಇಳಿದದ್ದು ನೆನಪಿದೆ, ಅದರಾಚೆಗೆ ಬಿಳಿ ಎಂದ. ಗೋಲು ಹೊಡೆದೆ ಎಂದು ಎಲ್ಲರೂ ಹೇಳುತ್ತಿದ್ದಾರೆ, ನನಗೆ ಗೊತ್ತಿಲ್ಲವಲ್ಲ ಕೋಚ್ ಎಂದ.

ಎಲ್ವಿಯೊ ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡರು. ತಾಯಿಯ ಚೀಲದಲ್ಲಿದ್ದ ರಂಬುಟಾನ್ ಹಣ್ಣುಗಳನ್ನು ಕೇಳಿ ತೆಗೆದುಕೊಂಡು ಅಜ್ಮಿಯ ಹೊದಿಕೆಯ ಮೇಲೆ ಜೋಡಿಸಿದರು. ಕೆಂಪು ಕೂದಲಿನ ಆ ಹಣ್ಣುಗಳು ಒಂದೊಂದೂ ಒಬ್ಬೊಬ್ಬ ಆಟಗಾರನಾದವು. ಹೆಚ್ಚು ಆಯಾಸ ಮಾಡಬೇಡಿ, ಸ್ವಲ್ಪ ಹೊತ್ತು ಸಾಕು ಎಂದು ಗುರುರಾಜ ಎಚ್ಚರಿಸಿದ. ಆಮೇಲೆ ಅವನೇ ಹತ್ತಿರ ಬಂದು ನಿಂತ.

ಎಲ್ವಿಯೊ ಮೊದಲ ಸೀಟಿಯಿಂದ ಹಿಡಿದರು. ಯಾರು ಯಾರಿಗೆ ಕೊಟ್ಟರು, ಅಜ್ಮಿ ಯಾವಾಗ ಬೂಟು ಬಿಗಿದುಕೊಂಡ, ಎಲ್ಲಿ ಸುಮ್ಮನೆ ನಡೆದ, ಎಲ್ಲಿ ರೆಫರಿಯ ಜೊತೆ ನಕ್ಕ. ನಡುವೆ ಅವರಿಗೆ ಕ್ಲಬ್ಬಿನಿಂದ ಫೋನ್ ಬಂತು. ಎದ್ದು ಹೋಗದೆ ಅಲ್ಲೇ ಕೇಳಿಸಿಕೊಂಡರು. ಸರಿ, ಆಗಲಿ, ಧನ್ಯವಾದ ಎಂದರು. ಹೊಸ ಮುಖ್ಯ ಕೋಚ್ ಮುಂದಿನ ವಾರ ಬರುತ್ತಾನಂತೆ, ನಾನು ಮೊದಲಿನ ಹಾಗೆಯೇ ಎಂದು ಗುರುರಾಜನಿಗೆ ಹೇಳಿ ಫೋನನ್ನು ಜೇಬಿಗೆ ಹಾಕಿಕೊಂಡರು. ಅಜ್ಮಿಯ ಕಡೆ ತಿರುಗಿ, ಎಲ್ಲಿದ್ದೆವು ಎಂದು ಕೇಳಿದರು.

ಎಡಗಡೆಯಿಂದ ಚೆಂಡು ಬರುತ್ತಿದೆ ಎಂದ ಅಜ್ಮಿ.

ಚೆಂಡು ಬಂತು. ಅಜ್ಮಿ ಎದೆಯಿಂದ ತಡೆದ. ಡಿಫೆಂಡರ್ ಬಲಕ್ಕೆ ಬರುವನೆಂದು ಊಹಿಸಿ ಎಡಕ್ಕೆ ತಿರುಗಿದ, ಗೋಲ್‌ಕೀಪರ್ ಒಂದು ಹೆಜ್ಜೆ ಮುಂದೆ ಬಂದದ್ದನ್ನು ನೋಡಿದ, ಅವನ ತಲೆಯ ಮೇಲಿಂದ ಮೆತ್ತಗೆ ಎತ್ತಿ ಹಾಕಿದ. ಎಲ್ವಿಯೊ ಬೆರಳು ಹೊದಿಕೆಯ ಮೇಲೆ ಹೋದ ಹಾಗೆ ಆ ಗೋಲನ್ನು ಅಜ್ಮಿ ಕಂಡ, ಚಪ್ಪಲಿ ಹುಡುಕುತ್ತಿದ್ದ ನಾನೂ ಕಂಡೆ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಅಮ್ಮನ ಕಡೆ ಓಡಿದೆ ಎಂದರು ಎಲ್ವಿಯೊ. ತಾಯಿ ತಲೆಯಾಡಿಸಿದರು.

ಮಳೆ ಬಂತು, ನಿಂತಿತು. ಎರಡು ಹಣ್ಣುಗಳು ಒಂದಕ್ಕೊಂದು ಬಡಿದವು.

“ಆಮೇಲೆ ನಾನು?” ಎಂದ ಅಜ್ಮಿ.

“ನೀನು ಹೊರಗೆ ನಡೆದು ಬಂದೆ. ತೋಳುಪಟ್ಟಿ ಬಿಚ್ಚಿ ನನಗೆ ಕೊಟ್ಟೆ.”

“ನಾನೇ?”

“ನೀನೇ. ಕ್ಯಾಪ್ಟನ್ ಹೇಗೆ ಬರಬೇಕೋ ಹಾಗೆ.”

ತಾಯಿ ನನ್ನನ್ನು ನೋಡಿದರು. ನಾನು ಗುರುರಾಜನನ್ನು ನೋಡಿದೆ.

ಈಗ ನಾವು ಹತ್ತು ಜನ ಎಂದು ಹೇಳಿ ಎಲ್ವಿಯೊ ಅಜ್ಮಿಯ ಹಣ್ಣನ್ನು ಹೊದಿಕೆಯಿಂದ ಎತ್ತಿ ಪಕ್ಕಕ್ಕಿಟ್ಟರು. ಉಳಿದವನ್ನು ಬೆರಳಿನಿಂದ ಹತ್ತಿರ ಹತ್ತಿರಕ್ಕೆ ಸರಿಸತೊಡಗಿದರು. ತಾಯಿ ಆ ಹಣ್ಣನ್ನು ಕೈಗೆತ್ತಿಕೊಂಡು, ಸಿಪ್ಪೆಯನ್ನು ಉಗುರಿನಿಂದ ಸುತ್ತಲೂ ಬಿಡಿಸಿ, ಬಿಳಿಯ ತಿರುಳನ್ನು ಎಲ್ವಿಯೊ ಅಂಗೈಯಲ್ಲಿಟ್ಟರು. ತಿನ್ನು ಎಂದು ಕಣ್ಣಲ್ಲೇ ಹೇಳಿದರು.